ಸಣ್ಣ ಸೇವಾ ಸಂಸ್ಥೆ ತನ್ನ ಖರ್ಚಿಗೆ ತಾನೇ ದುಡಿಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಒಂದು ಸೇವಾ ಸಂಸ್ಥೆಗೆ ಒಮ್ಮೆಲೇ ಒಂದಿಷ್ಟು ದೇಣಿಗೆ ಬರುತ್ತದೆ. ಇನ್ನು ಮೇಲೆ ಯಾರ ಮುಂದೆಯೂ ಕೈಚಾಚುವುದು ಬೇಡ ಅಂತ ಹತ್ತು ಹೊಲಿಗೆ ಯಂತ್ರ ಕೊಳ್ಳುತ್ತಾರೆ. ತರಬೇತಿ ನಡೆಯುತ್ತದೆ, ಬಟ್ಟೆ ಚೀಲ ತಯಾರಾಗುತ್ತವೆ. ಮೊದಲ ತಿಂಗಳು ಪರಿಚಯದವರೆಲ್ಲ ಒಂದೊಂದು ಕೊಳ್ಳುತ್ತಾರೆ. ನಾಲ್ಕನೇ ತಿಂಗಳಿಗೆ ಚೀಲಗಳು ಕಪಾಟು ತುಂಬಿ ನೆಲದ ಮೇಲೆ ರಾಶಿ ಬಿದ್ದಿರುತ್ತವೆ. ವರ್ಷ ತುಂಬುವ ಮೊದಲೇ ಯಂತ್ರಗಳು ಮೂಲೆ ಸೇರುತ್ತವೆ. ಸೋಪು, ಮೇಣದಬತ್ತಿ, ಕಾಗದದ ಕವರ್, ಕಂಪ್ಯೂಟರ್ ತರಗತಿ, ಎಲ್ಲದರಲ್ಲೂ ಇದೇ ಕಥೆ ನೋಡಿದ್ದೇನೆ.

ಸೋತವರೆಲ್ಲ ಹಗಲು ರಾತ್ರಿ ದುಡಿದವರೇ. ಅವರು ಎಡವಿದ್ದು ಕ್ರಮದಲ್ಲಿ. ಯಾರು ಕೊಳ್ಳುತ್ತಾರೆ ಅಂತ ಗೊತ್ತಾಗುವ ಮೊದಲೇ ಯಂತ್ರ ಬಂದಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗೆ. ಅದಕ್ಕೇ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗಬೇಡಿ. ಮೊದಲ ಐದು ಹಂತಗಳಿಗೆ ಹೆಚ್ಚು ದುಡ್ಡು ಬೇಡ, ಸಮಯ ಬೇಕು ಅಷ್ಟೇ.

## ಶುರು ಮಾಡುವ ಮುನ್ನ: ಈಗ ಬೇಡ ಅನ್ನಬೇಕಾದ ಸಂದರ್ಭಗಳು

ಸಿಬ್ಬಂದಿಗೆ ಸಂಬಳ ಬಾಕಿ ಉಳಿದಿದ್ದರೆ ಈಗ ವ್ಯಾಪಾರ ಶುರು ಮಾಡಬೇಡಿ. ಹೊಸ ಕಸುಬು ಮೊದಲ ದಿನದಿಂದಲೇ ಹಣ ಕೊಡುವುದಿಲ್ಲ, ಹಣ ಕೇಳುತ್ತದೆ. ಮೊದಲ ವರ್ಷ ಅದು ತನ್ನ ಖರ್ಚನ್ನು ತಾನು ನೋಡಿಕೊಂಡರೆ ಅದೇ ದೊಡ್ಡದು. ಮುಂದಿನ ತಿಂಗಳ ಬಾಡಿಗೆ ಕಟ್ಟಲು ಇದು ದಾರಿಯಲ್ಲ. ಆ ಕಷ್ಟಕ್ಕೆ ಹಳೆಯ ದಾನಿಗಳ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಕೇಳುವುದೇ ಸರಿ.

ಆಡಳಿತ ಮಂಡಳಿಯಲ್ಲಿ ಒಮ್ಮತ ಇಲ್ಲದಿದ್ದರೂ ತಡೆಯಿರಿ. ‘ಸೇವೆ ಮಾಡುವವರು ವ್ಯಾಪಾರ ಮಾಡಬಾರದು’ ಅನ್ನುವ ಒಬ್ಬರಾದರೂ ಇರುತ್ತಾರೆ. ಅವರ ಮಾತನ್ನು ಈಗಲೇ ಪೂರ್ತಿ ಕೇಳಿಸಿಕೊಳ್ಳಿ. ಅವರ ಅನುಮಾನಗಳಲ್ಲಿ ಅರ್ಧದಷ್ಟು ನಿಜವಾಗಿಯೂ ಎದುರಾಗುವ ಅಪಾಯಗಳೇ.

ಇನ್ನೊಂದು ವಿಷಯ. ವಾರದಲ್ಲಿ ಕನಿಷ್ಠ ಮೂರು ದಿನ ಇದಕ್ಕೇ ಕೊಡಬಲ್ಲ ಒಬ್ಬ ವ್ಯಕ್ತಿ ಇದ್ದಾರಾ? ‘ಎಲ್ಲರೂ ಸೇರಿ ನೋಡಿಕೊಳ್ಳುತ್ತೇವೆ’ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ ಅಂತಲೇ ಅರ್ಥ.

## ಕೈಯಲ್ಲಿ ಇರಬೇಕಾದದ್ದು

ಕಳೆದ ಎರಡು ವರ್ಷದ ಖರ್ಚಿನ ಲೆಕ್ಕ. ಒಂದು ಪ್ರತ್ಯೇಕ ಬ್ಯಾಂಕ್ ಖಾತೆ. ನಂಬರ್ ಹಾಕಿದ ಬಿಲ್ ಪುಸ್ತಕ, ನಗದು ಪುಸ್ತಕ, ದಾಸ್ತಾನು ಪುಸ್ತಕ. ಕಂಪ್ಯೂಟರಿನಲ್ಲಿ ಬರೆದರೂ ಆದೀತು, ದಪ್ಪ ನೋಟ್ ಪುಸ್ತಕದಲ್ಲಿ ಬರೆದರೂ ಆದೀತು, ದಿನವೂ ಬರೆಯಬೇಕು ಅಷ್ಟೇ. ಇದರ ಜೊತೆ ಮೂರು ಜನರ ಒಂದು ಚಿಕ್ಕ ಸಮಿತಿ: ಲೆಕ್ಕ ಗೊತ್ತಿರುವವರು ಒಬ್ಬರು, ಎಂದಾದರೂ ಏನನ್ನಾದರೂ ಮಾರಿ ಬದುಕಿದವರು ಒಬ್ಬರು, ನಿಮ್ಮ ಸೇವೆಯ ಒಳಹೊರಗು ಬಲ್ಲವರು ಒಬ್ಬರು. ಎರಡನೆಯವರು ಸಿಗುವುದು ಕಷ್ಟ, ಆದರೆ ಅವರಿಲ್ಲದೆ ಮುಂದೆ ಹೋಗಬೇಡಿ.

## ಹಂತ 1: ತೂತು ಎಲ್ಲಿದೆ ಅಂತ ಹುಡುಕಿ

ಎರಡು ವರ್ಷದ ಖರ್ಚನ್ನು ಎರಡು ಭಾಗ ಮಾಡಿ. ದಾನಿಗಳು ಖುಷಿಯಿಂದ ಕೊಡುವ ಖರ್ಚು ಒಂದು ಕಡೆ: ಔಷಧಿ, ಪುಸ್ತಕ, ಹೊದಿಕೆ, ಊಟ. ಯಾರೂ ಕೊಡಲು ಮುಂದೆ ಬಾರದ ಖರ್ಚು ಇನ್ನೊಂದು ಕಡೆ: ಬಾಡಿಗೆ, ಕರೆಂಟ್ ಬಿಲ್, ಲೆಕ್ಕ ಬರೆಯುವವರ ಸಂಬಳ, ವಾಹನದ ರಿಪೇರಿ, ಆಡಿಟ್ ಶುಲ್ಕ.

ಸಣ್ಣ ಸಂಸ್ಥೆಗಳು ಬಾಗಿಲು ಹಾಕುವುದು ಜಾಸ್ತಿ ಈ ಎರಡನೇ ಪಟ್ಟಿಯಿಂದ. ಮಕ್ಕಳಿಗೆ ಪುಸ್ತಕ ಕೊಡಿಸುವವರು ಸಿಗುತ್ತಾರೆ, ಆ ಪುಸ್ತಕ ಇಡುವ ಕೋಣೆಯ ಬಾಡಿಗೆ ಕಟ್ಟುವವರು ಸಿಗುವುದಿಲ್ಲ. ಹಾಗಾಗಿ ನಿಮ್ಮ ಯೋಜನೆಯ ಗುರಿ ಈ ಎರಡನೇ ಪಟ್ಟಿಯ ಒಂದೆರಡು ಸಾಲು ಮಾತ್ರ ಇರಲಿ. ‘ಮೂರನೇ ವರ್ಷದಿಂದ ಬಾಡಿಗೆ ಮತ್ತು ಕರೆಂಟ್ ಬಿಲ್ ಇದರಿಂದಲೇ’ ಅಂತ ಬರೆದಿಡಿ. ಇಷ್ಟು ಸಣ್ಣ ಗುರಿಯಾ ಅನ್ನಿಸಬಹುದು. ಆದರೆ ಪ್ರತಿ ತಿಂಗಳೂ ತಪ್ಪದೆ ಬರುವ, ಯಾವ ಷರತ್ತೂ ಇಲ್ಲದ ಸಣ್ಣ ಮೊತ್ತ ಒಂದು ಸಂಸ್ಥೆಯನ್ನು ಎಷ್ಟು ಗಟ್ಟಿಯಾಗಿ ನಿಲ್ಲಿಸುತ್ತದೆ ಅಂತ ಅದು ಬಂದಾಗಲೇ ಗೊತ್ತಾಗುವುದು.

ಸಾಮಾನ್ಯ ತಪ್ಪು: ದೇಣಿಗೆ ಪೂರ್ತಿ ನಿಲ್ಲಿಸುವ ಗುರಿ ಇಟ್ಟುಕೊಳ್ಳುವುದು. ಬಾಂಗ್ಲಾದೇಶದಲ್ಲಿ 1972ರಲ್ಲಿ ಶುರುವಾದ ಬ್ರ್ಯಾಕ್ ಎಂಬ ಸೇವಾ ಸಂಸ್ಥೆಗೆ ಸ್ವಂತ ಅಂಗಡಿಗಳಿವೆ, ಡೇರಿ ಇದೆ, ಬೇರೆ ಉದ್ಯಮಗಳೂ ಇವೆ. ಅಷ್ಟು ದೊಡ್ಡ ಸಂಸ್ಥೆಯೂ ದಾನಿಗಳ ಹಣ ತೆಗೆದುಕೊಳ್ಳುವುದನ್ನು ಬಿಟ್ಟಿಲ್ಲ. ಎರಡು ಕಾಲಿನ ಮೇಲೆ ನಿಲ್ಲುವುದು ನಿಮ್ಮ ಲೆಕ್ಕವಾಗಲಿ.

## ಹಂತ 2: ದುಡಿಮೆ ಸಂಸ್ಥೆಗೋ, ಜನರಿಗೋ? ಒಂದನ್ನು ಆರಿಸಿ

ಈ ಹಂತವನ್ನು ಬಿಟ್ಟವರೇ ಹೆಚ್ಚು. ನನ್ನ ಪ್ರಕಾರ ಸೋಲಿನ ಬೇರು ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಓದಿ.

‘ನಮ್ಮ ಆಶ್ರಯದಲ್ಲಿರುವ ಹೆಣ್ಣುಮಕ್ಕಳು ಹೊಲಿಗೆ ಕಲಿಯುತ್ತಾರೆ, ಅವರಿಗೆ ಕೆಲಸ ಸಿಗುತ್ತದೆ, ಲಾಭ ಸಂಸ್ಥೆಗೂ ಬರುತ್ತದೆ.’ ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಇದರಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಮೊದಲನೆಯದು, ಜನರಿಗೆ ಕಸುಬು ಕಲಿಸಿ ಅವರ ಕಾಲ ಮೇಲೆ ನಿಲ್ಲಿಸುವುದು. ಎರಡನೆಯದು, ಸಂಸ್ಥೆಯ ಖರ್ಚಿಗೆ ಹಣ ಗಳಿಸುವುದು. ಇವು ಒಂದನ್ನೊಂದು ಎಳೆಯುತ್ತವೆ.

ಹೇಗೆ ಅಂತ ನೋಡಿ. ಕಲಿಯುವವರ ಕೈ ನಿಧಾನ, ಬಟ್ಟೆ ಹಾಳಾಗುವುದು ಜಾಸ್ತಿ. ಅವರಿಗೆ ಹೇಳಿಕೊಡಲು ಒಬ್ಬರು ಬೇಕು. ಆರು ತಿಂಗಳಲ್ಲಿ ಕೈ ಪಳಗುತ್ತದೆ. ಪಳಗಿದ ಕೂಡಲೇ ಹೊರಗೆ ಒಳ್ಳೆಯ ಕೆಲಸ ಸಿಕ್ಕಿ ಹೊರಟುಹೋಗುತ್ತಾರೆ. ಜನರಿಗಾಗಿ ಮಾಡಿದ ಯೋಜನೆಯಾದರೆ ಇದು ದೊಡ್ಡ ಗೆಲುವು, ಕೈಬೀಸಿ ಕಳಿಸಿಕೊಡಬೇಕು. ಸಂಸ್ಥೆಯ ಗಳಿಕೆಗಾಗಿ ಮಾಡಿದ್ದಾದರೆ ಇದು ನಷ್ಟ. ಆಗ ಏನಾಗುತ್ತದೆ ಅಂದರೆ, ಒಳ್ಳೆಯ ಮನಸ್ಸಿನವರೂ ‘ಇನ್ನು ಸ್ವಲ್ಪ ದಿನ ಇಲ್ಲೇ ಇರಮ್ಮ’ ಅನ್ನತೊಡಗುತ್ತಾರೆ. ಅಲ್ಲಿಗೆ ಸೇವೆ ದಾರಿ ತಪ್ಪಿತು.

ಎರಡನ್ನೂ ಮಾಡಲೇಬೇಕು ಅಂತಿದ್ದರೆ ಲೆಕ್ಕವನ್ನಾದರೂ ಬೇರೆ ಮಾಡಿ. ಕಲಿಸುವ ಖರ್ಚು, ಕಲಿಯುವಾಗ ಆಗುವ ಹಾನಿ, ಹೇಳಿಕೊಡುವವರ ಸಂಬಳ ಇವೆಲ್ಲ ಸೇವೆಯ ಖರ್ಚು. ಅದಕ್ಕೆ ದಾನಿಗಳನ್ನು ಕೇಳಿ, ಇಂಥದ್ದಕ್ಕೆ ಕೊಡುವವರಿದ್ದಾರೆ. ವ್ಯಾಪಾರದ ಲೆಕ್ಕದಲ್ಲಿ ಪಳಗಿದ ಕೈಯ ಕೆಲಸ ಮಾತ್ರ ಇರಲಿ.

ಇಲ್ಲಿಯೇ ಎರಡು ಕಟ್ಟುಪಾಡು ಬರೆದಿಟ್ಟುಕೊಳ್ಳಿ. ಒಂದು, ಮಾರುವ ವಸ್ತುವಿಗಾಗಿ ಯಾರು ಕೆಲಸ ಮಾಡಿದರೂ ಕೂಲಿ ಕೊಡಬೇಕು. ಊಟ, ವಸತಿ ಕೊಡುತ್ತಿದ್ದೇವಲ್ಲ ಅನ್ನುವುದು ಕೂಲಿಯಾಗುವುದಿಲ್ಲ. ಆಶ್ರಯ ಕೇಳಿ ಬಂದವರು ‘ಇಲ್ಲ’ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ, ಅದಕ್ಕೇ ಈ ಕಟ್ಟುಪಾಡು ನಿಮ್ಮ ಕಡೆಯಿಂದಲೇ ಬರಬೇಕು. ಎರಡು, ಮಕ್ಕಳ ಕೈಯಲ್ಲಿ ಮಾರಾಟದ ಕೆಲಸ ಮಾಡಿಸುವಂತಿಲ್ಲ, ‘ಸುಮ್ನೆ ಸಹಾಯಕ್ಕೆ’ ಅಂತಲೂ ಇಲ್ಲ.

## ಹಂತ 3: ಈಗಾಗಲೇ ಏನಿದೆ ಅಂತ ನೋಡಿ

ಹೊಸ ಕಸುಬು ಹುಡುಕುವ ಮೊದಲು ಮನೆಯೊಳಗೆ ಒಂದು ಸುತ್ತು ಬನ್ನಿ. ಸುಲಭದಿಂದ ಕಷ್ಟದ ಕಡೆಗೆ ದಾರಿಗಳನ್ನು ಜೋಡಿಸಿದ್ದೇನೆ. ಮೇಲಿನದು ಆಗದಿದ್ದರೆ ಮಾತ್ರ ಕೆಳಗಿನದಕ್ಕೆ ಇಳಿಯಿರಿ.

ಖಾಲಿ ಬಿದ್ದಿರುವುದನ್ನು ಬಾಡಿಗೆಗೆ ಕೊಡುವುದು. ಸಭಾಂಗಣ, ಸಂಜೆ ಖಾಲಿ ಇರುವ ತರಗತಿ ಕೋಣೆ, ವಾಹನ, ದೊಡ್ಡ ಅಡುಗೆಮನೆ, ಕುರ್ಚಿ ಮೇಜು. ಹೊಸ ಬಂಡವಾಳ ಕಡಿಮೆ, ಹೊಸ ಕಸುಬು ಕಲಿಯಬೇಕಿಲ್ಲ. ಆದರೆ ದಾನಿ ಒಂದು ನಿರ್ದಿಷ್ಟ ಕೆಲಸಕ್ಕೆ ಅಂತ ಕೊಟ್ಟಿದ್ದರೆ ಅವರ ಒಪ್ಪಿಗೆ ಬರಹದಲ್ಲಿ ಬೇಕು.

ನಿಮಗೆ ಗೊತ್ತಿರುವುದನ್ನು ಕಲಿಸುವುದು. ಹತ್ತು ವರ್ಷ ವೃದ್ಧರ ಆರೈಕೆ ಮಾಡಿದ ಸಂಸ್ಥೆಗೆ ಮನೆಯವರಿಗೆ ಆರೈಕೆ ಹೇಳಿಕೊಡಲು ಬರುತ್ತದೆ. ಪ್ರಥಮ ಚಿಕಿತ್ಸೆ, ಸಂಕೇತ ಭಾಷೆ, ವಿಶೇಷ ಮಕ್ಕಳ ಜೊತೆ ಮಾತಾಡುವ ಬಗೆ, ಇವನ್ನು ಶಾಲೆ ಮತ್ತು ಕಂಪನಿಗಳು ಹಣ ಕೊಟ್ಟು ಕಲಿಯುತ್ತವೆ. ಸಣ್ಣ ಸಂಸ್ಥೆಗಳು ಈ ದಾರಿಯನ್ನು ಯಾಕೋ ಮರೆತೇಬಿಡುತ್ತವೆ. ತಮ್ಮ ಅನುಭವಕ್ಕೆ ಬೆಲೆಯಿದೆ ಅಂತ ಅವರಿಗೇ ಅನ್ನಿಸಿರುವುದಿಲ್ಲ.

ಕೊಡಬಲ್ಲವರಿಂದ ಶುಲ್ಕ. 1976ರಲ್ಲಿ ಮದುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರು ಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ ನಿಂತಿರುವುದು ಈ ದಾರಿಯ ಮೇಲೆ. ಶುಲ್ಕ ಕೊಟ್ಟವರ ಹಣದಲ್ಲಿ ಕೊಡಲಾಗದವರಿಗೂ ಚಿಕಿತ್ಸೆ ನಡೆಯುತ್ತದೆ. ಗಮನಿಸಬೇಕಾದದ್ದು, ಕೋಣೆಯ ಅನುಕೂಲ ಬೇರೆ ಇರಬಹುದು, ಚಿಕಿತ್ಸೆಯ ಗುಣಮಟ್ಟ ಬೇರೆ ಇಲ್ಲ. ಇದನ್ನು ಅನುಸರಿಸುವಾಗ ಉಚಿತ ಬೇಕು ಅನ್ನುವವರಿಂದ ಬಡತನದ ದಾಖಲೆಗಳ ಕಟ್ಟು ಕೇಳಬೇಡಿ. ನಾಚಿಕೆಯಿಂದ ವಾಪಸ್ ಹೋದವರು ಮತ್ತೆ ಬರುವುದಿಲ್ಲ.

ಬೇರೆ ಸಂಸ್ಥೆಗಳಿಗೆ ಸೇವೆ. ಬಟ್ಟೆ ಒಗೆಯುವುದು, ತೋಟ ನೋಡಿಕೊಳ್ಳುವುದು, ಪ್ಯಾಕಿಂಗ್, ದಾಖಲೆ ಸ್ಕ್ಯಾನ್ ಮಾಡುವುದು. ಗಿರಾಕಿ ಒಬ್ಬರೇ ಆದರೂ ಕೆಲಸ ತಿಂಗಳು ತಿಂಗಳು ಇರುತ್ತದೆ. ಹಣ ತಡವಾಗಿ ಬರುತ್ತದೆ ಅನ್ನುವುದೇ ಕಷ್ಟ.

ಬಳಸಿದ ವಸ್ತುಗಳ ಅಂಗಡಿ. ಬ್ರಿಟನ್ನಿನ ಆಕ್ಸ್‌ಫ್ಯಾಮ್ ಎಂಬ ಸೇವಾ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದದ್ದು, ಫ್ರಾನ್ಸಿನಲ್ಲಿ 1949ರಲ್ಲಿ ಆಬೆ ಪಿಯೇರ್ ಎಂಬ ಪಾದ್ರಿ ಕಟ್ಟಿದ ಎಮ್ಮಾವ್ಸ್ ಬಳಗ ಹಳೆಯ ಸಾಮಾನು ಆಯ್ದು, ರಿಪೇರಿ ಮಾಡಿ ಮಾರಿ ಬದುಕಿದ್ದು ಇದೇ ದಾರಿಯಲ್ಲಿ. ಸಾಮಾನು ಉಚಿತವಾಗಿ ಬರುತ್ತದೆ ಅಂತ ಖರ್ಚಿಲ್ಲ ಅಂದುಕೊಳ್ಳಬೇಡಿ. ಆಯುವುದು, ತೊಳೆಯುವುದು, ಇಡಲು ಜಾಗ, ಮಾರಲಾಗದ್ದನ್ನು ಸಾಗಿಸುವುದು, ಎಲ್ಲಕ್ಕೂ ಹಣ ಬೇಕು. ಹರಿದದ್ದನ್ನು, ಕೆಟ್ಟದ್ದನ್ನು ಬಾಗಿಲಲ್ಲೇ ನಯವಾಗಿ ಬೇಡ ಅನ್ನಲು ಕಲಿಯಿರಿ.

ತಯಾರಿಸಿ ಮಾರುವುದು. ಇದು ಎಲ್ಲಕ್ಕಿಂತ ಕಷ್ಟದ ದಾರಿ, ಆದರೆ ಬಹಳ ಜನ ಮೊದಲು ಹಿಡಿಯುವುದು ಇದನ್ನೇ. ಕಚ್ಚಾ ಸಾಮಗ್ರಿ, ಗುಣಮಟ್ಟ, ದಾಸ್ತಾನು, ಮಾರುಕಟ್ಟೆ, ಉದ್ರಿ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು. ಬ್ರ್ಯಾಕ್ 1978ರಲ್ಲಿ ಆರೊಂಗ್ ಎಂಬ ಅಂಗಡಿ ತೆರೆದದ್ದಕ್ಕೆ ಒಂದು ಕಾರಣ, ಹಳ್ಳಿಯ ಹೆಣ್ಣುಮಕ್ಕಳ ಕೈಕೆಲಸ ಕೊಂಡ ಅಂಗಡಿಗಳು ಹಣ ಕೊಡಲು ತಿಂಗಳುಗಟ್ಟಲೆ ಕಾಯಿಸುತ್ತಿದ್ದದ್ದು. ತಯಾರಿಸುವುದಕ್ಕಿಂತ ಮಾರಿ ಹಣ ಕೈಗೆ ಬರುವುದೇ ಕಷ್ಟ ಅಂತ ಇದರಿಂದ ತಿಳಿಯುತ್ತದೆ.

## ಹಂತ 4: ಮೊದಲು ಗಿರಾಕಿ, ಆಮೇಲೆ ಯಂತ್ರ

ಒಂದು ದಾರಿ ಆರಿಸಿದ ಮೇಲೆ ಕನಿಷ್ಠ 20 ಜನರನ್ನು ಭೇಟಿ ಮಾಡಿ. ಅವರಲ್ಲಿ ನಿಮ್ಮ ಗೆಳೆಯರು, ಬಂಧುಗಳು, ದಾನಿಗಳು ಇರಬಾರದು. ‘ನಾವು ಹೀಗೆ ಮಾಡಿದರೆ ಕೊಳ್ಳುತ್ತೀರಾ?’ ಅಂತ ಕೇಳಬೇಡಿ. ಅನಾಥ ಮಕ್ಕಳ ಹೆಸರು ಹೇಳಿ ಹೀಗೆ ಕೇಳಿದರೆ ಯಾರು ತಾನೇ ಇಲ್ಲ ಅಂದಾರು? ಆ ‘ಹೌದು’ಗೆ ಬೆಲೆಯಿಲ್ಲ.

ನಡೆದುಹೋದದ್ದನ್ನು ಕೇಳಿ. ಈಗ ಇದನ್ನು ಎಲ್ಲಿಂದ ಕೊಳ್ಳುತ್ತೀರಿ? ಕಳೆದ ಸಲ ಯಾವಾಗ ಕೊಂಡಿರಿ, ಎಷ್ಟು ಕೊಟ್ಟಿರಿ? ಅದರಲ್ಲಿ ಏನು ಸರಿಯಿಲ್ಲ? ನಿಮ್ಮಲ್ಲಿ ಕೊಳ್ಳುವ ತೀರ್ಮಾನ ಯಾರದು? ಹಣ ಎಷ್ಟು ದಿನಕ್ಕೆ ಕೊಡುತ್ತೀರಿ? ಉತ್ತರಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಆಮೇಲೆ ಒಂದು ಮಾದರಿ ತೋರಿಸಿ ಮುಂಗಡ ಕೇಳಿ. 20 ಜನರಲ್ಲಿ ನಾಲ್ಕೈದು ಜನರಾದರೂ ಸಣ್ಣ ಮುಂಗಡ ಕೊಟ್ಟರೆ ಅಥವಾ ಬರಹದಲ್ಲಿ ಆರ್ಡರ್ ಕೊಟ್ಟರೆ ಮುಂದೆ ಹೋಗಿ. ಎಲ್ಲರೂ ಹೊಗಳಿ ಯಾರೂ ಮುಂಗಡ ಕೊಡದಿದ್ದರೆ ಹಂತ 3ಕ್ಕೆ ವಾಪಸ್ ಬನ್ನಿ. ಬೇಸರವಾಗುತ್ತದೆ, ನಿಜ. ಆದರೆ ಈಗ ಹೋಗಿದ್ದು ಎರಡು ವಾರ ಮಾತ್ರ.

ಕರುಣೆಯಿಂದ ಕೊಂಡವರು ಒಮ್ಮೆ ಕೊಳ್ಳುತ್ತಾರೆ. ವಸ್ತು ಇಷ್ಟವಾಗಿ ಕೊಂಡವರು ಮತ್ತೆ ಬರುತ್ತಾರೆ. ಅದಕ್ಕೇ ಮೊದಲ ಮಾರಾಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಪರಿಚಿತರು ಎರಡನೇ ಸಲ ಕೊಂಡದ್ದನ್ನು ಎಣಿಸಿ.

## ಹಂತ 5: ಅಸಲಿನ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಯಾವ ದೇಶದ ಹಣ ಅಂತ ಬೇಡ, ಅಂಕಿ ಮಾತ್ರ ನೋಡಿ. ಒಂದು ವಸ್ತುವಿಗೆ ಸಾಮಗ್ರಿ 40, ಕೂಲಿ 25, ಪ್ಯಾಕಿಂಗ್ ಮತ್ತು ಸಾಗಣೆ 8, ಹಾಳಾಗುವುದಕ್ಕೆ 5. ಒಟ್ಟು 78. ಮಾರುವ ಬೆಲೆ 100. ಒಂದಕ್ಕೆ ಉಳಿಯುವುದು 22.

ಇನ್ನು ಮಾರಿದರೂ ಮಾರದಿದ್ದರೂ ತಿಂಗಳಿಗೆ ಬರುವ ಖರ್ಚು: ಕೋಣೆ, ಕರೆಂಟ್, ಯಂತ್ರದ ಸವಕಳಿ, ನೋಡಿಕೊಳ್ಳುವವರ ಸಂಬಳದ ಪಾಲು. ಅದು 4,400 ಅಂತಿರಲಿ. 4,400ನ್ನು 22ರಿಂದ ಭಾಗಿಸಿದರೆ 200. ಅಂದರೆ ತಿಂಗಳಿಗೆ 200 ಮಾರಿದರೆ ನಷ್ಟವಿಲ್ಲ, ಲಾಭವೂ ಇಲ್ಲ. 300 ಮಾರಿದರೆ ಸಂಸ್ಥೆಗೆ 2,200 ಉಳಿಯುತ್ತದೆ.

ಈಗ ಗಿರಾಕಿ ಶೇ 10 ಕಡಿಮೆ ಮಾಡಿ ಅಂತಾರೆ. ಸರಿ, 90ಕ್ಕೆ ಕೊಟ್ಟಿರಿ. ಒಂದಕ್ಕೆ ಉಳಿಯುವುದು 12. ನಷ್ಟ ತಪ್ಪಿಸಲು ಮಾತ್ರವೇ 367 ಮಾರಬೇಕಾಯಿತು. ಬೆಲೆ ಇಳಿದದ್ದು ಹತ್ತನೇ ಒಂದು ಪಾಲು ಮಾತ್ರ, ಆದರೆ ಮಾರಬೇಕಾದದ್ದು 200 ಇದ್ದದ್ದು 367 ಆಗಿದೆ, ಹತ್ತಿರ ಹತ್ತಿರ ಎರಡರಷ್ಟು. ರಿಯಾಯಿತಿ ಕೊಡುವ ಮುನ್ನ ಈ ಲೆಕ್ಕವನ್ನು ಎದುರಿಗೆ ಇಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ಏಟು ಉದ್ರಿಯದ್ದು. ತಿಂಗಳಿಗೆ 300 ತಯಾರಿಸಲು 23,400, ಜೊತೆಗೆ ತಿಂಗಳ ಖರ್ಚು 4,400, ಒಟ್ಟು 27,800. ದೊಡ್ಡ ಗಿರಾಕಿ ಎರಡು ತಿಂಗಳ ನಂತರ ಹಣ ಕೊಡುತ್ತಾರೆ ಅಂದರೆ, ಮೊದಲ ಹಣ ಬರುವ ಹೊತ್ತಿಗೆ ನೀವು ಮೂರು ತಿಂಗಳ ಖರ್ಚು ಹಾಕಿರುತ್ತೀರಿ. ಅಂದರೆ 83,400. ತಿಂಗಳಿಗೆ 2,200 ಗಳಿಸಲು 83,400 ಕೈಯಿಂದ ಹೊರಗಿರಬೇಕು! ಲಾಭದಲ್ಲಿದ್ದೂ ಬಾಗಿಲು ಹಾಕಿದ ಯೋಜನೆಗಳು ಬಿದ್ದದ್ದು ಇದೇ ಗುಂಡಿಯಲ್ಲಿ. ಈ ದುಡಿಯುವ ಬಂಡವಾಳ ಎಲ್ಲಿಂದ ಬರುತ್ತದೆ ಅಂತ ಬರೆದಿಡದೆ ಮುಂದೆ ಹೋಗಬೇಡಿ. ಇಲ್ಲವೇ ಅರ್ಧ ಹಣ ಮುಂಗಡ ಕೊಡುವ ಗಿರಾಕಿಗಳನ್ನೇ ಹುಡುಕಿ.

ಸಾಮಾನ್ಯ ತಪ್ಪು: ಸ್ವಯಂಸೇವಕರ ಸಮಯ, ಯಾರೋ ಉಚಿತವಾಗಿ ಕೊಟ್ಟ ಕೋಣೆ, ಸಂಸ್ಥೆಯ ವಾಹನ, ಇವನ್ನು ಸೊನ್ನೆ ಅಂತ ಹಿಡಿಯುವುದು. ಆ ಕೋಣೆ ನಾಳೆ ಇಲ್ಲವಾಗಬಹುದು, ಸ್ವಯಂಸೇವಕರಿಗೆ ಪರೀಕ್ಷೆ ಬರಬಹುದು, ಮದುವೆಯಾಗಬಹುದು. ಇವಕ್ಕೆಲ್ಲ ಪೂರ್ತಿ ಬೆಲೆ ಹಾಕಿ ಲೆಕ್ಕ ಮಾಡಿ. ಆಗಲೂ ಉಳಿತಾಯ ಕಂಡರೆ ಮಾತ್ರ ಯೋಜನೆ ಗಟ್ಟಿ.

## ಹಂತ 6: ಎರಡು ಗಲ್ಲಾಪೆಟ್ಟಿಗೆ, ಎರಡು ಪುಸ್ತಕ

ದೇಣಿಗೆಯ ಹಣ ಒಂದು ಖಾತೆ, ವ್ಯಾಪಾರದ ಹಣ ಇನ್ನೊಂದು ಖಾತೆ. ಒಂದರಿಂದ ಇನ್ನೊಂದಕ್ಕೆ ಹಣ ಹೋಗಬೇಕಾದರೆ ಸಮಿತಿಯ ಸಹಿ ಇರುವ ಕಾಗದ ಬೇಕು. ಅದು ಸಾಲವಾದರೆ ವಾಪಸ್ ಬರುವ ದಿನವೂ ಆ ಕಾಗದದಲ್ಲಿ ಇರಬೇಕು. ಇಷ್ಟು ಬಿಗಿ ಯಾಕೆ ಅಂದರೆ, ಹಣ ಬೆರೆತ ದಿನದಿಂದ ನಷ್ಟ ಕಣ್ಣಿಗೆ ಕಾಣುವುದಿಲ್ಲ. ದೇಣಿಗೆ ಸದ್ದಿಲ್ಲದೆ ನಷ್ಟವನ್ನು ತುಂಬುತ್ತಾ ಹೋಗುತ್ತದೆ. ಔಷಧಿಗೆ ಅಂತ ಕೊಟ್ಟ ಹಣ ಮಾರಾಟವಾಗದ ಚೀಲಗಳಿಗೆ ಹೋಗಿರುತ್ತದೆ.

ಕಾನೂನನ್ನು ಇದೇ ಹಂತದಲ್ಲಿ ವಿಚಾರಿಸಿ, ಮಾರಾಟ ಶುರುವಾದ ಮೇಲಲ್ಲ. ಸೇವಾ ಸಂಸ್ಥೆ ಎಷ್ಟು ವ್ಯಾಪಾರ ಮಾಡಬಹುದು, ಯಾವುದಕ್ಕೆ ತೆರಿಗೆ ಬೀಳುತ್ತದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ‘ಸಾಮಾನ್ಯ ಸಾರ್ವಜನಿಕ ಉಪಯೋಗ’ದ ವರ್ಗಕ್ಕೆ (ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು ಮುಂತಾದವನ್ನು ಬಿಟ್ಟು ಜನರಿಗೆ ಉಪಯೋಗವಾಗುವ ಬೇರೆ ಕೆಲಸ) ಸೇರಿದ ಸಂಸ್ಥೆಗಳಿಗೆ ವ್ಯಾಪಾರದ ಸ್ವರೂಪದ ಆದಾಯ ವರ್ಷದ ಒಟ್ಟು ಆದಾಯದ ಶೇ 20ನ್ನು ಮೀರಬಾರದು ಎಂಬ ಮಿತಿ ಇದೆ. ಅಮೆರಿಕದಲ್ಲಿ ಸಂಸ್ಥೆಯ ಉದ್ದೇಶಕ್ಕೆ ಸಂಬಂಧವಿಲ್ಲದ, ನಿರಂತರ ನಡೆಯುವ ವ್ಯಾಪಾರದ ಲಾಭಕ್ಕೆ ತೆರಿಗೆ ಉಂಟು. ಬ್ರಿಟನ್ನಿನಲ್ಲಿ ಇಂಥ ವ್ಯಾಪಾರ ಒಂದು ಮಿತಿ ದಾಟುವುದಾದರೆ ಸಂಸ್ಥೆಗಳು ಅದನ್ನು ಬೇರೆ ಕಂಪನಿಯಾಗಿ ನಡೆಸಿ ಲಾಭವನ್ನು ಸೇವೆಗೆ ಕಳಿಸುತ್ತವೆ. ಒಬ್ಬ ಲೆಕ್ಕ ಪರಿಶೋಧಕರ ಹತ್ತಿರ ಒಂದು ಗಂಟೆ ಕೂತು ನಿಮ್ಮ ನೋಂದಣಿ ಪತ್ರ ತೋರಿಸಿ ಕೇಳಿ. ಮೂರು ಪ್ರಶ್ನೆ ಸಾಕು: ನಮ್ಮ ನಿಯಮಾವಳಿಯಲ್ಲಿ ಇದಕ್ಕೆ ಅವಕಾಶ ಇದೆಯಾ? ಮಿತಿ ಎಷ್ಟು? ಯಾವ ಲೈಸೆನ್ಸ್, ಯಾವ ತೆರಿಗೆ ನೋಂದಣಿ ಬೇಕು?

ಸಾಲ ಮಾಡುವುದಾದರೆ ಆಶ್ರಯಧಾಮದ ಕಟ್ಟಡ, ಆಸ್ಪತ್ರೆಯ ಉಪಕರಣ ಅಡವಿಡಬೇಡಿ. ವ್ಯಾಪಾರ ಮುಳುಗಿದರೆ ಜನರ ತಲೆ ಮೇಲಿನ ಸೂರು ಹೋಗಬಾರದು.

## ಹಂತ 7: ಮೂರು ತಿಂಗಳ ಪ್ರಯೋಗ

ಈಗ ಮೊದಲ ಸಲ ಹಣ ಹಾಕುತ್ತೀರಿ. ಹತ್ತು ಯಂತ್ರ ಬೇಡ, ಎರಡು ಸಾಕು, ಅವೂ ಬಾಡಿಗೆಯವು ಅಥವಾ ಬಳಸಿದವು. ಒಂದೇ ವಸ್ತು, ಎರಡು ಅಳತೆ. ಬಣ್ಣ, ವಿನ್ಯಾಸ ಹೆಚ್ಚಿಸಿದಷ್ಟೂ ದಾಸ್ತಾನು ಹೆಚ್ಚುತ್ತದೆ.

ಶುರು ಮಾಡುವ ದಿನವೇ ನಿಲ್ಲಿಸುವ ಗೆರೆ ಬರೆದಿಡಿ: ‘ಇಷ್ಟು ಹಣ ಹೋದರೆ, ಅಥವಾ ಮೂರನೇ ತಿಂಗಳ ಕೊನೆಗೆ ಮತ್ತೆ ಕೊಂಡವರು ಇಷ್ಟು ಜನ ಇಲ್ಲದಿದ್ದರೆ ನಿಲ್ಲಿಸುತ್ತೇವೆ.’ ಎಲ್ಲ ಟ್ರಸ್ಟಿಗಳ ಸಹಿ ಇರಲಿ. ಆಮೇಲೆ ಈ ಗೆರೆ ಎಳೆಯಲು ಮನಸ್ಸು ಬರುವುದಿಲ್ಲ. ‘ಇನ್ನೊಂದೇ ತಿಂಗಳು ನೋಡೋಣ’ ಅನ್ನುವ ಮಾತು ಎಷ್ಟು ಸಂಸ್ಥೆಗಳ ಉಳಿತಾಯವನ್ನು ತಿಂದಿದೆಯೋ.

ಹೊಣೆ ಒಬ್ಬರದೇ ಇರಲಿ, ಅವರಿಗೆ ಸಂಬಳ ಇರಲಿ. ಸಂಸ್ಥೆಯ ಸ್ಥಾಪಕರು ಆ ಒಬ್ಬರಾಗದಿರುವುದು ಒಳ್ಳೆಯದು. ಅವರ ಗಮನ ವ್ಯಾಪಾರದ ಕಡೆ ತಿರುಗಿದರೆ ಸೇವೆ ಸೊರಗುತ್ತದೆ. ಲೆಕ್ಕ ಬರೆಯುವವರು ಬೇರೆ, ನಗದು ಎಣಿಸುವವರು ಬೇರೆ. ಇದು ಯಾರ ಮೇಲಿನ ಅನುಮಾನವೂ ಅಲ್ಲ. ಲೆಕ್ಕ ತಪ್ಪಿದಾಗ ಒಬ್ಬ ಪ್ರಾಮಾಣಿಕ ವ್ಯಕ್ತಿಯನ್ನು ಕಾಪಾಡುವುದು ಈ ಏರ್ಪಾಡೇ.

## ಹಂತ 8: ಮಾರುವುದು ಮತ್ತು ವಾರದ ಲೆಕ್ಕ

ವಸ್ತುವಿನ ಗುಣ ಮೊದಲು ಹೇಳಿ, ಸಂಸ್ಥೆಯ ಕಥೆ ಆಮೇಲೆ. ‘ಈ ಚೀಲ ಹತ್ತು ಕಿಲೋ ಹೊರುತ್ತದೆ, ಒಗೆದರೆ ಬಣ್ಣ ಬಿಡುವುದಿಲ್ಲ’ ಅನ್ನುವುದು ಮೊದಲ ಸಾಲು. ಇದರ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದು ಎರಡನೆಯದು. ಆಶ್ರಯದಲ್ಲಿರುವವರ ಫೋಟೊ, ಹೆಸರು, ಅವರ ಕಷ್ಟದ ಕಥೆ ಲೇಬಲ್ ಮೇಲೆ ಹಾಕಬೇಡಿ. ಯಾರ ಬದುಕಿನ ನೋವೂ ಮಾರಾಟದ ಸಾಮಗ್ರಿಯಾಗಬಾರದು. ಅವರು ಒಪ್ಪಿದರೂ ಒಮ್ಮೆ ಯೋಚಿಸಿ. ಐದು ವರ್ಷದ ಮೇಲೆ ಅವರು ಬೇರೆ ಊರಿನಲ್ಲಿ ಹೊಸ ಬದುಕು ಕಟ್ಟಿಕೊಂಡಾಗ ಆ ಫೋಟೊ ಇನ್ನೂ ಎಲ್ಲೋ ಓಡಾಡುತ್ತಿರುತ್ತದೆ.

ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ ಸಮಿತಿ ಕೂತು ಐದು ಅಂಕಿ ನೋಡಲಿ: ಎಷ್ಟು ಮಾರಿದೆವು, ಎಷ್ಟು ಹಣ ಕೈಗೆ ಬಂತು, ಎಷ್ಟು ಉದ್ರಿ ಬಾಕಿ, ಎಷ್ಟು ದಾಸ್ತಾನು, ಮತ್ತೆ ಬಂದ ಗಿರಾಕಿ ಎಷ್ಟು. ಅರ್ಧ ಗಂಟೆ ಸಾಕು. ಉದ್ರಿ 60 ದಿನ ದಾಟಿದವರಿಗೆ ಹೊಸ ಸರಕು ಕೊಡಬೇಡಿ, ಅವರು ಎಷ್ಟೇ ಬೇಕಾದವರಾಗಿರಲಿ.

## ಹಂತ 9: ಉಳಿದ ಹಣ ಹಂಚುವ ನಿಯಮ

ಉಳಿತಾಯ ಬರುವ ಮೊದಲೇ ಈ ನಿಯಮ ಬರೆಯಿರಿ. ಬಂದ ಮೇಲೆ ಬರೆಯಲು ಕೂತರೆ ಜಗಳ. ನನಗೆ ಸರಿ ಅನ್ನಿಸುವುದು ಹೀಗೆ: ಯೋಜನೆಯ ಮೂರು ತಿಂಗಳ ಖರ್ಚಿನಷ್ಟು ಆಪತ್ಧನ ಕೂಡುವ ತನಕ ಉಳಿತಾಯದ ಅರ್ಧ ಅಲ್ಲೇ ಇರಲಿ, ಅರ್ಧ ಸಂಸ್ಥೆಗೆ ಹೋಗಲಿ. ಆಪತ್ಧನ ತುಂಬಿದ ಮೇಲೆ ಸಂಸ್ಥೆಯ ಪಾಲು ಹೆಚ್ಚಿಸಿ. ಪೂರ್ತಿ ಎಳೆದುಕೊಂಡರೆ ಯಂತ್ರ ಕೆಟ್ಟ ದಿನ ರಿಪೇರಿಗೂ ದೇಣಿಗೆ ಕೇಳಬೇಕಾಗುತ್ತದೆ.

ದಾನಿಗಳಿಗೆ ಈ ಅಂಕಿಗಳನ್ನು ತೆರೆದು ತೋರಿಸಿ. ‘ಇವರಿಗೆ ಈಗ ಸ್ವಂತ ಆದಾಯ ಇದೆ, ನಮ್ಮ ಹಣ ಯಾಕೆ’ ಅಂತ ಕೆಲವರು ಹಿಂದೆ ಸರಿಯುತ್ತಾರೆ. ಬಾಡಿಗೆಯನ್ನು ನಾವೇ ದುಡಿಯುತ್ತಿದ್ದೇವೆ, ಹಾಗಾಗಿ ನಿಮ್ಮ ದೇಣಿಗೆಯ ಹೆಚ್ಚಿನ ಪಾಲು ನೇರ ಸೇವೆಗೆ ಹೋಗುತ್ತದೆ ಅಂತ ಹೇಳಿ. ಇದು ಲೆಕ್ಕದಲ್ಲಿ ಕಾಣುವ ಸತ್ಯ, ತೋರಿಸಲು ಸುಲಭ.

## ಎಚ್ಚರಿಕೆಯ ಗುರುತುಗಳು

‘ಈ ತಿಂಗಳು ಮಾತ್ರ’ ಅಂತ ದೇಣಿಗೆ ಖಾತೆಯಿಂದ ಕೂಲಿ ಕೊಟ್ಟಿರಿ. ಎರಡನೇ ಸಲ ಹೀಗಾದರೆ ತಕ್ಷಣ ಸಮಿತಿ ಕರೆಯಿರಿ.

ಮಾರಾಟಕ್ಕಿಂತ ದಾಸ್ತಾನು ವೇಗವಾಗಿ ಬೆಳೆಯುತ್ತಿದೆ. ಕೆಲಸಗಾರರು ಸುಮ್ಮನೆ ಕೂರಬಾರದು ಅಂತ ತಯಾರಿ ಮುಂದುವರಿಸಬೇಡಿ. ಆರ್ಡರ್ ಬರುವ ತನಕ ತಯಾರಿ ನಿಲ್ಲಿಸಿ, ಆ ದಿನಗಳ ಕೂಲಿ ಮಾತ್ರ ನಿಲ್ಲಿಸಬೇಡಿ.

ಅರ್ಧಕ್ಕಿಂತ ಜಾಸ್ತಿ ಮಾರಾಟ ಒಬ್ಬರೇ ಗಿರಾಕಿಗೆ ಹೋಗುತ್ತಿದೆ. ಅವರು ಕೈಬಿಟ್ಟ ದಿನ ನೀವು ಬೀದಿಯಲ್ಲಿ. ಎರಡನೇ ಗಿರಾಕಿಯನ್ನು ಈಗಲೇ ಹುಡುಕಿ.

ಉಚಿತ ಸೇವೆ ಪಡೆದವರ ಸಂಖ್ಯೆ ಇಳಿಯುತ್ತಿದೆ. ಇದು ಎಲ್ಲಕ್ಕಿಂತ ಗಂಭೀರ. ಶುಲ್ಕ ಕೊಡುವವರ ಸಾಲು ಬೇಗ ಸಾಗುತ್ತದೆ, ಕೊಡಲಾಗದವರ ಸಾಲು ನಿಧಾನವಾಗುತ್ತದೆ, ಯಾರೂ ಬೇಕಂತ ಮಾಡಿರುವುದಿಲ್ಲ. ಅದಕ್ಕೇ ಪ್ರತಿ ತಿಂಗಳ ವರದಿಯ ಮೊದಲ ಸಾಲಿನಲ್ಲಿ ಹಣದ ಅಂಕಿ ಬೇಡ, ಉಚಿತವಾಗಿ ಸೇವೆ ಪಡೆದವರ ಸಂಖ್ಯೆ ಬರೆಯಿರಿ. ಆ ಸಂಖ್ಯೆ ಮೂರು ತಿಂಗಳು ಸತತ ಇಳಿದರೆ ವ್ಯಾಪಾರ ಎಷ್ಟೇ ಲಾಭದಲ್ಲಿರಲಿ, ಅದನ್ನು ಬೆಳೆಸುವುದನ್ನು ನಿಲ್ಲಿಸಿ ಕಾರಣ ಹುಡುಕಿ.

## ಹಂತ 10: ನಿಲ್ಲಿಸಬೇಕಾದರೆ

ಹಂತ 7ರಲ್ಲಿ ಬರೆದ ಗೆರೆ ಮುಟ್ಟಿದರೆ ಒಂದೇ ವಾರದಲ್ಲಿ ತೀರ್ಮಾನ ಮಾಡಿ. ಹೊಸ ಆರ್ಡರ್ ತೆಗೆದುಕೊಳ್ಳಬೇಡಿ, ಇರುವುದನ್ನು ಮುಗಿಸಿಕೊಡಿ. ಮೊದಲು ಕೂಲಿ ಬಾಕಿ ಚುಕ್ತಾ ಮಾಡಿ. ಆಮೇಲೆ ಮುಂಗಡ ಕೊಟ್ಟವರ ಹಣ, ಆಮೇಲೆ ಸರಕು ಕೊಟ್ಟವರ ಹಣ. ಬಾಡಿಗೆ ಯಂತ್ರ ಹಿಂತಿರುಗಿಸಿ, ಸ್ವಂತದ್ದಾದರೆ ಸುಸ್ಥಿತಿಯಲ್ಲಿರುವಾಗಲೇ ಮಾರಿ. ಮೂಲೆಯಲ್ಲಿ ಇಟ್ಟರೆ ಬೆಲೆ ಇಳಿಯುತ್ತಲೇ ಹೋಗುತ್ತದೆ. ಕೆಲಸ ಮಾಡಿದವರಿಗೆ ಅನುಭವ ಪತ್ರ ಕೊಡಿ, ಇನ್ನೊಂದು ಕಡೆ ಕೆಲಸಕ್ಕೆ ಹೇಳಿನೋಡಿ.

ದಾನಿಗಳಿಗೆ ಒಂದು ಪುಟದ ಪತ್ರ ಬರೆಯಿರಿ: ಎಷ್ಟು ಹಾಕಿದೆವು, ಎಷ್ಟು ಹೋಯಿತು, ಎಲ್ಲಿ ತಪ್ಪಿತು. ಲೆಕ್ಕದ ಪುಸ್ತಕ ಎಸೆಯಬೇಡಿ. ಆ 20 ಜನ ಗಿರಾಕಿಗಳು ಹೇಳಿದ ಮಾತುಗಳನ್ನು ಬರೆದ ಹಾಳೆಗಳನ್ನೂ ಅದರ ಜೊತೆ ಇಡಿ. ಆರು ತಿಂಗಳು ಬಿಟ್ಟು ಹಂತ 3ಕ್ಕೆ ಮತ್ತೆ ಕೂರುವಾಗ ಮೊದಲು ತೆರೆಯಬೇಕಾದದ್ದು ಅವೇ ಹಾಳೆಗಳು.